ಕಾಳಿ ದಂಡೆಯ ಚೆಂಡು, ದೆಹಲಿಯ ಫೆಡರೇಷನ್

ಕೇಳುಗರಿಗೆಲ್ಲ ನಮಸ್ಕಾರ.

ಕಾರವಾರದಲ್ಲಿ ಸಂಜೆ ಹೊತ್ತು ಕಡಲ ದಂಡೆಗೆ ಹೋದರೆ ಫುಟ್ಬಾಲ್ ಆಡುವ ಹುಡುಗರು ಸಿಕ್ಕೇ ಸಿಗುತ್ತಾರೆ. ಮಾಲಾದೇವಿ ಮೈದಾನದಲ್ಲಿ ಸಿಗುತ್ತಾರೆ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಕಡೆ ಹೋದರೂ ಸಿಗುತ್ತಾರೆ. ನಮಗೆ ಈ ಆಟ ಹತ್ತಿರವಾಗಿದ್ದು ಗೋವಾ ಹತ್ತಿರವಿರುವುದರಿಂದ. ಡೆಂಪೋ, ಸಾಲಗಾಂವಕರ್, ಚರ್ಚಿಲ್ ಬ್ರದರ್ಸ್ ಅಂದರೆ ನಮ್ಮ ಹಿರಿಯರಿಗೆ ಸ್ವಂತ ಊರಿನ ತಂಡದಷ್ಟೇ ಪ್ರೀತಿ. ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂಗೆ ಇಲ್ಲಿಂದ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಬೆಂಗಳೂರಿಗೆ ಹೋಗಬೇಕಾದರೆ ಐನೂರು ಕಿಲೋಮೀಟರ್ ಮೇಲಾಗುತ್ತದೆ.

ಈಗ ಒಂದು ಪ್ರಶ್ನೆ. ಈ ದಂಡೆಯ ಮೇಲೆ ಆಡುವ ಹುಡುಗನೊಬ್ಬ ನಿಜಕ್ಕೂ ಚೆನ್ನಾಗಿ ಆಡುತ್ತಾನೆ ಅಂದುಕೊಳ್ಳಿ. ಅವನು ಭಾರತದ ಅಂಗಿ ತೊಡಬೇಕಾದರೆ ಯಾವ ದಾರಿಯಲ್ಲಿ ಹೋಗಬೇಕು? ಕ್ಲಬ್ಬು ಅಥವಾ ಶಾಲೆ, ಅದರ ಮೇಲೆ ಜಿಲ್ಲೆ, ಅದರ ಮೇಲೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಫುಟ್ಬಾಲ್ ಸಂಸ್ಥೆ, ಅದರ ಮೇಲೆ ದೆಹಲಿಯ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್. ಅದಕ್ಕೂ ಮೇಲೆ ಏಷ್ಯಾದ ಒಕ್ಕೂಟ, ಕೊನೆಗೆ ಫಿಫಾ. ಇದರ ನಡುವೆ ಇರುವ ದೆಹಲಿಯ ಫೆಡರೇಷನ್ ಬಗ್ಗೆ ಇವತ್ತು ನಾಲ್ಕು ಮಾತು ಹೇಳುತ್ತೇನೆ. ಆಟ ನೋಡುವವರು ಗೋಲು ಹೊಡೆದವನ ಹೆಸರು ನೆನಪಿಡುತ್ತಾರೆ. ಆಟ ನಡೆಸುವವರ ಬಗ್ಗೆ ಯೋಚಿಸುವುದು ಕಡಿಮೆ. ಅಲ್ಲಿ ತಪ್ಪಾದರೆ ಪೆಟ್ಟು ಬೀಳುವುದು ಮಾತ್ರ ಆಡುವವರಿಗೇ.

ಫೆಡರೇಷನ್ ಹುಟ್ಟುವುದಕ್ಕೆ ಮೊದಲೇ ನಮ್ಮ ದೇಶದಲ್ಲಿ ಫುಟ್ಬಾಲ್ ದೊಡ್ಡದಾಗಿತ್ತು. ಶಿಮ್ಲಾದಲ್ಲಿ ಡುರಾಂಡ್ ಕಪ್ ಶುರುವಾಗಿದ್ದು 1888ರಲ್ಲಿ. ಕಲ್ಕತ್ತಾದಲ್ಲಿ ಇಂಡಿಯನ್ ಫುಟ್ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1893ರಲ್ಲಿ. ಹೆಸರು ಇಂಡಿಯನ್, ನಡೆಸುವವರು ಬ್ರಿಟಿಷರು. 1911ರಲ್ಲಿ ಅದೇ ಸಂಸ್ಥೆಯ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಲ್ಲಿ ಸೋಲಿಸಿತು. ಬೂಟಿನ ಸೈನಿಕರ ಎದುರು ಬಹುತೇಕ ಬರಿಗಾಲಲ್ಲೇ ಆಡಿದ ಹುಡುಗರು ಗೆದ್ದರು. ಈ ಸುದ್ದಿ ಕ್ರೀಡಾಂಗಣ ದಾಟಿ ಇಡೀ ದೇಶಕ್ಕೆ ಹಬ್ಬಿತು.

ಆದರೆ ಎಲ್ಲ ಅಧಿಕಾರ ಕಲ್ಕತ್ತಾದಲ್ಲೇ ಇದ್ದರೆ ಉಳಿದ ಪ್ರಾಂತ್ಯಗಳು ಎಷ್ಟು ದಿನ ಸುಮ್ಮನಿರುತ್ತವೆ? ಜಗಳ ನಡೆಯಿತು, ಮಾತುಕತೆ ನಡೆಯಿತು. ಕೊನೆಗೆ 1937ರ ಜೂನ್ 23ರಂದು ಶಿಮ್ಲಾದ ಸೇನಾ ಕೇಂದ್ರದಲ್ಲಿ ಆರು ಪ್ರಾಂತೀಯ ಸಂಘಗಳ ಪ್ರತಿನಿಧಿಗಳು ಸೇರಿ ಅಖಿಲ ಭಾರತ ಫೆಡರೇಷನ್ ಕಟ್ಟಿದರು. 1941ರಲ್ಲಿ ಪ್ರಾಂತ್ಯಗಳ ನಡುವೆ ಸಂತೋಷ್ ಟ್ರೋಫಿ ಶುರುವಾಯಿತು. ಬಂಗಾಳದ ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜರ ನೆನಪಿಗೆ ಆ ಹೆಸರು. ನಮ್ಮ ಮೈಸೂರು ತಂಡ ಅದನ್ನು ಗೆದ್ದಿತ್ತು. 1968-69ರಲ್ಲೂ ಗೆದ್ದಿತು. ಆಮೇಲೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕಪ್ ಎತ್ತಿತು. ಆ ಗೆಲುವಿನ ಬಗ್ಗೆ ನಮ್ಮ ರಾಜ್ಯದಲ್ಲಿ ಇನ್ನೂ ಜಾಸ್ತಿ ಮಾತಾಗಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಫೆಡರೇಷನ್ ಫಿಫಾ ಸದಸ್ಯನಾಯಿತು. ಅದೇ ವರ್ಷ ಲಂಡನ್ ಒಲಿಂಪಿಕ್ಸ್. ನಮ್ಮವರು ಫ್ರಾನ್ಸ್ ಎದುರು 2-1ರಲ್ಲಿ ಸೋತರು. ಸಿಕ್ಕ ಎರಡು ಪೆನಾಲ್ಟಿಯೂ ಗೋಲಾಗಲಿಲ್ಲ. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

1950ರ ಬ್ರೆಜಿಲ್ ವಿಶ್ವಕಪ್ ಕತೆ ನೀವೂ ಕೇಳಿರುತ್ತೀರಿ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಹಾಗಾಗಿ ಭಾರತ ಹೋಗಲಿಲ್ಲ ಅಂತ. ಚಹಾ ಅಂಗಡಿಯಲ್ಲಿ ಇವತ್ತಿಗೂ ಇದೇ ಕತೆ. ಆದರೆ ನಡೆದದ್ದು ಬೇರೆ. ಉಳಿದ ತಂಡಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಆಡದೆಯೇ ಜಾಗ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪು. ಪ್ರಯಾಣದ ಖರ್ಚಿನ ಬಹುಪಾಲು ಕೊಡಲು ಬ್ರೆಜಿಲ್‌ನವರೇ ಮುಂದೆ ಬಂದಿದ್ದರು. ಆದರೂ ಫೆಡರೇಷನ್ ತಂಡ ಕಳಿಸಲಿಲ್ಲ. ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ತಯಾರಿಗೆ ಸಮಯ ಸಾಲದು ಎಂಬ ಕಾರಣ ಬಂತು. ಆಗ ಅಧಿಕಾರಿಗಳಿಗೆ ಒಲಿಂಪಿಕ್ಸ್ ಮುಖ್ಯ, ವಿಶ್ವಕಪ್ಪಿನ ಬೆಲೆ ಗೊತ್ತಿರಲಿಲ್ಲ. ಬೂಟಿನ ಕತೆ ಆಮೇಲೆ ಹಬ್ಬಿದ್ದು. ಹಾಗೆ ಹೇಳಿದಾಗ ತಪ್ಪು ಆಟಗಾರರ ಕಾಲಿನ ಮೇಲೆ ಬೀಳುತ್ತದೆ. ಅದು ಅನ್ಯಾಯ. ತೀರ್ಮಾನ ಆ ಆಟಗಾರರದಾಗಿರಲಿಲ್ಲ. ಕಳಿಸಬೇಕಾದವರು ಕಳಿಸಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಪುರುಷರ ತಂಡ ವಿಶ್ವಕಪ್ ಆಡಿಲ್ಲ.

ಬೂಟು ನಿಜಕ್ಕೂ ಕಾಡಿದ್ದು 1952ರಲ್ಲಿ, ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ. ಆ ಚಳಿಯಲ್ಲಿ ಬಹಳ ಜನ ಬರಿಗಾಲಲ್ಲೇ ಆಡಿದರು. ಯುಗೊಸ್ಲಾವಿಯಾ ಎದುರು 10-1ರ ಸೋಲು. ವಾಪಸ್ ಬಂದ ಮೇಲೆ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ನಾಲ್ಕು ವರ್ಷದ ನಂತರ ಮೆಲ್ಬರ್ನ್‌ನಲ್ಲಿ ನಾವು ನಾಲ್ಕನೇ ಸ್ಥಾನಕ್ಕೆ ಬಂದೆವು. ಆಸ್ಟ್ರೇಲಿಯಾ ಎದುರು ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ತಂದೆವು. ಕೋಚ್ ಸಯ್ಯದ್ ಅಬ್ದುಲ್ ರಹೀಮ್ ಅವರ ಜಾಣ್ಮೆ ಒಂದು ಕಡೆ, ಸರಿಯಾದ ಸಮಯಕ್ಕೆ ಬದಲಾದ ನಿಯಮ ಇನ್ನೊಂದು ಕಡೆ. ಎರಡೂ ಸೇರಿ ಆ ಹತ್ತು ಒಳ್ಳೆಯ ವರ್ಷ ಬಂದವು.

ಈಗ ಫೆಡರೇಷನ್ ದಿನಾ ಮಾಡುವ ಕೆಲಸಕ್ಕೆ ಬರೋಣ. ಆಟಗಾರರ ನೋಂದಣಿ, ಕೋಚ್‌ಗಳ ಲೈಸೆನ್ಸ್, ರೆಫರಿಗಳ ಪರೀಕ್ಷೆ, ಟೂರ್ನಿಗಳು, ರಾಷ್ಟ್ರೀಯ ತಂಡ. ಆಟದ ನಿಯಮ ಬರೆಯುವುದು ಇವರ ಕೆಲಸವಲ್ಲ, ಅದಕ್ಕೆ ಬೇರೆಯೇ ಅಂತರರಾಷ್ಟ್ರೀಯ ಮಂಡಳಿ ಇದೆ. ಇದರಲ್ಲೆಲ್ಲ ನೋಂದಣಿಯೇ ಬುಡ. ಹೆಸರು ಕಂಪ್ಯೂಟರಿನಲ್ಲಿ ಏರಿದರೆ ಮಾತ್ರ ಆ ಹುಡುಗ ಫೆಡರೇಷನ್ ಲೆಕ್ಕದಲ್ಲಿ ಆಟಗಾರ.

ಚಿಕ್ಕ ವಯಸ್ಸಿನ ಟೂರ್ನಿಗಳಲ್ಲಿ ವಯಸ್ಸಿನ ತಪಾಸಣೆಯೂ ಇರುತ್ತದೆ. ಹುಡುಗನ ಕೈ ಮಣಿಕಟ್ಟಿನ ಎಕ್ಸ್‌ರೇ ತೆಗೆಯುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗಳು ಇನ್ನೂ ಪೂರ್ತಿ ಕೂಡಿಕೊಂಡಿರುವುದಿಲ್ಲ, ನಡುವೆ ಸಣ್ಣ ಗೆರೆಯಂಥ ಸಂದು ಕಾಣುತ್ತದೆ. ಅದನ್ನು ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಹದಿನೇಳರವನು ಹದಿನಾಲ್ಕು ಅಂತ ಆಡಿದರೆ ನಿಜವಾದ ಹದಿನಾಲ್ಕರ ಹುಡುಗನ ಜಾಗ ಹೋಗುತ್ತದೆ. ಹಾಗಾಗಿ ಈ ತಪಾಸಣೆ ಬೇಕೇ ಬೇಕು.

ನಮ್ಮ ಗಡಿಯ ಹುಡುಗರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಇಲ್ಲಿ ನೋಂದಣಿಯಾದವನು ಗೋವಾದ ಕ್ಲಬ್ಬಿಗೆ ಆಡಬೇಕಾದರೆ ಅಂತರರಾಜ್ಯ ವರ್ಗಾವಣೆ ಮಾಡಿಸಬೇಕು. ಗೋವಾ ಗಡಿಯ ಪೋಳೆ ದಾಟಲು ಬಸ್ಸಿಗೆ ಅರ್ಧ ಗಂಟೆ ಸಾಕು. ಕಾಗದ ಮಾತ್ರ ಎರಡು ರಾಜ್ಯಗಳ ಮೂಲಕ ಹೋಗಬೇಕು.

ಇಂಥ ಸಂಸ್ಥೆಯೇ ಇಲ್ಲದಿದ್ದರೆ ಏನಾಗುತ್ತದೆ? ಅದನ್ನು ನೋಡಲು ನಮ್ಮ ಜಿಲ್ಲೆಯ ಮುಂಡಗೋಡಕ್ಕೇ ಹೋಗಬಹುದು. ಅಲ್ಲಿಯ ಟಿಬೆಟಿಯನ್ ಕ್ಯಾಂಪ್‌ನ ಯುವಕರಿಗೆ ಫುಟ್ಬಾಲ್ ಅಂದರೆ ಜೀವ. ಅವರಿಗೆ ಟಿಬೆಟ್ ಹೆಸರಿನ ತಂಡವೂ ಇದೆ. ಆದರೆ ಅದಕ್ಕೆ ಫಿಫಾ ಮಾನ್ಯತೆ ಇಲ್ಲ, ಏಷ್ಯಾ ಒಕ್ಕೂಟದ ಮಾನ್ಯತೆಯೂ ಇಲ್ಲ. 2001ರಲ್ಲಿ ಆ ತಂಡ ಕೋಪನ್‌ಹೇಗನ್‌ಗೆ ಹೋಗಿ ಗ್ರೀನ್‌ಲ್ಯಾಂಡ್ ಜೊತೆ ಆಡಿತು. ಪಂದ್ಯ ನಡೆಯದಂತೆ ಚೀನಾದಿಂದ ಒತ್ತಡ ಬಂತು. ಆದರೂ ಆಡಿದರು, 4-1ರಲ್ಲಿ ಸೋತರು. ಆ ಪಂದ್ಯ ಫಿಫಾ ದಾಖಲೆಯಲ್ಲಿಲ್ಲ. ಆಡಿದವರ ಬೆವರು ನಿಜ, ಗೋಲು ನಿಜ, ಲೆಕ್ಕಕ್ಕೆ ಮಾತ್ರ ಬರಲಿಲ್ಲ. ಮಾನ್ಯತೆ ಇರುವ ಫೆಡರೇಷನ್ ಬೆನ್ನಿಗೆ ಇರುವುದು ಎಷ್ಟು ದೊಡ್ಡ ವಿಷಯ ಅಂತ ಮುಂಡಗೋಡದ ಆ ಹುಡುಗರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು.

ಆ ಮಾನ್ಯತೆಯನ್ನು 2022ರಲ್ಲಿ ನಾವು ಕೆಲವು ದಿನ ಕಳೆದುಕೊಂಡಿದ್ದೆವು. 2020ರ ಕೊನೆಗೆ ನಡೆಯಬೇಕಿದ್ದ ಫೆಡರೇಷನ್ ಚುನಾವಣೆ ನಡೆಯಲಿಲ್ಲ, ಹಳೇ ಆಡಳಿತವೇ ಮುಂದುವರಿಯಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆಡಳಿತವನ್ನು ತೆಗೆದು ಮೂವರ ಸಮಿತಿ ನೇಮಿಸಿತು. ಫೆಡರೇಷನ್ ಒಳಗೆ ಹೊರಗಿನವರ ಕೈ ಇರಬಾರದು ಎಂಬುದು ಫಿಫಾ ನಿಯಮ. ಆಗಸ್ಟ್ ಮಧ್ಯದಲ್ಲಿ ಭಾರತವನ್ನು ಅಮಾನತು ಮಾಡಿದರು. ಅದೇ ಹೊತ್ತಿಗೆ ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯಾದ ಕ್ಲಬ್ ಟೂರ್ನಿಗಾಗಿ ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿತ್ತು. ದೇಶದ ಲೀಗ್ ಗೆದ್ದು ಅರ್ಹತೆ ಪಡೆದ ಹೆಣ್ಣುಮಕ್ಕಳು ಒಂದು ಪಂದ್ಯವನ್ನೂ ಆಡದೆ ವಾಪಸ್ ಬರಬೇಕಾಯಿತು. ಚುನಾವಣೆ ತಡ ಮಾಡಿದವರು ಅವರಲ್ಲ. ಅಮಾನತು 26ರಂದು ತೆರವಾಯಿತು, ಅಕ್ಟೋಬರ್‌ನ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲೇ ಉಳಿಯಿತು, ಫತೋರ್ಡಾದಲ್ಲೂ ಪಂದ್ಯಗಳಾದವು. ಗೋಕುಲಂ ಹುಡುಗಿಯರ ಟೂರ್ನಿ ಮಾತ್ರ ಹೋಗೇ ಹೋಯಿತು.

ಹೆಣ್ಣುಮಕ್ಕಳ ಫುಟ್ಬಾಲ್ ಮೊದಲಿನಿಂದಲೂ ಕಷ್ಟದಲ್ಲೇ ಬೆಳೆದಿದೆ. 1975ರಲ್ಲಿ ಅವರಿಗೇ ಬೇರೆ ಫೆಡರೇಷನ್ ಆಯಿತು. ಅದರ ಕಾಲದಲ್ಲಿ ಎರಡು ಸಲ ಏಷ್ಯಾ ಕಪ್ಪಿನ ಫೈನಲ್ ತನಕ ಹೋದರು. ದೊಡ್ಡ ಫೆಡರೇಷನ್ ಅವರನ್ನು ತನ್ನೊಳಗೆ ಸೇರಿಸಿಕೊಂಡಿದ್ದು 90ರ ದಶಕದಲ್ಲಿ. ಆಮೇಲೆ ಬಹಳ ವರ್ಷ ಸಾಕಷ್ಟು ಪಂದ್ಯಗಳೇ ಸಿಗಲಿಲ್ಲ. ಆದರೂ ಬಿಡಲಿಲ್ಲ. 2025ರ ಜುಲೈನಲ್ಲಿ ಥಾಯ್ಲೆಂಡ್ ತಂಡವನ್ನು ಅದರದೇ ನೆಲದಲ್ಲಿ 2-1ರಲ್ಲಿ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು.

ಲೀಗ್‌ಗಳ ವಿಷಯ ನಮ್ಮ ಕರಾವಳಿಗೆ ನೋವಿನದು. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, 2007ರಲ್ಲಿ ಐ-ಲೀಗ್ ಆಯಿತು. ಎರಡೂ ಸೇರಿ ಡೆಂಪೋ ಐದು ಸಲ ಗೆದ್ದಿತು. 2014ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಬಂತು. ಹಳೇ ಕ್ಲಬ್ಬುಗಳ ಜಾಗ ಎಲ್ಲಿ ಎಂಬ ಪ್ರಶ್ನೆಗೆ ಸಮಾಧಾನದ ಉತ್ತರ ಸಿಗದೆ 2016ರಲ್ಲಿ ಡೆಂಪೋ, ಸಾಲಗಾಂವಕರ್, ಸ್ಪೋರ್ಟಿಂಗ್ ಗೋವಾ ಮೂರೂ ಐ-ಲೀಗ್ ಬಿಟ್ಟವು. ಹೊಸ ಲೀಗ್‌ನಿಂದ ಹಣ ಬಂತು, ಟೀವಿ ಬಂತು, ಬೆಂಗಳೂರು ಎಫ್‌ಸಿಯಂಥ ಒಳ್ಳೆಯ ತಂಡಕ್ಕೆ ದೊಡ್ಡ ವೇದಿಕೆ ಸಿಕ್ಕಿತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದಶಕಗಳ ಕಾಲ ಹಳ್ಳಿ ಹುಡುಗರಿಗೆ ಬೂಟು, ಊಟ, ಕೆಲಸ ಕೊಟ್ಟ ಕ್ಲಬ್ಬುಗಳನ್ನು ಉಳಿಸಿಕೊಂಡೇ ಹೊಸದನ್ನು ಕಟ್ಟಬೇಕಿತ್ತು. ಅದು ಫೆಡರೇಷನ್ನಿನದೇ ಕೆಲಸವಾಗಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಫೆಡರೇಷನ್ನಿನ ಹೊಸ ಸಂವಿಧಾನಕ್ಕೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಮಾಜಿ ಆಟಗಾರರಿಗೂ ಅದರಲ್ಲಿ ಮತದ ಹಕ್ಕಿದೆ. ಆಡಿ ಗೊತ್ತಿರುವವರು ಒಳಗೆ ಕೂತರೆ ಬೂಟಿನ ಬೆಲೆ, ರೈಲಿನಲ್ಲಿ ಎರಡು ರಾತ್ರಿ ಕೂತು ಹೋಗಿ ಆಡುವ ಕಷ್ಟ ಮಾತಿಗೆ ಬರುತ್ತದೆ ಎಂಬ ಆಸೆ ನನ್ನದು.

ಕೊನೆಯದಾಗಿ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗ ಇರಲಿ, ಮಗಳಿರಲಿ, ಫುಟ್ಬಾಲ್ ಮೇಲೆ ಮನಸ್ಸಿದ್ದರೆ ಜನನ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಅದರಲ್ಲೂ ಆಧಾರ್‌ನಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಇವೆಯಾ ನೋಡಿ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಆಯ್ಕೆಯ ಹೊತ್ತಿಗೆ ಓಡಾಟ ತಪ್ಪುವುದಿಲ್ಲ. ಶಾಲೆಯ ದೈಹಿಕ ಶಿಕ್ಷಕರನ್ನೋ ಊರಿನ ಕ್ಲಬ್ಬಿನವರನ್ನೋ ಕಂಡು ನೋಂದಣಿ ಆಗಿದೆಯಾ ಅಂತ ಕೇಳಿ. ಆಗಿಲ್ಲವಾದರೆ ಈ ಸೀಸನ್ ಶುರುವಾಗುವ ಮೊದಲೇ ಮಾಡಿಸಿ.

ನಮಸ್ಕಾರ.