ಮುದ್ದೆ ಅಗಿಯಲು ಕಲಿತ ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದು ಮಂಡ್ಯ ಕಡೆ. ನಮ್ಮಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಮಕ್ಕಳು ಅಗಿಯಲು ಹೋದರೆ ಅಜ್ಜಿ ತಿದ್ದುತ್ತಾಳೆ, "ಅಗೀಬೇಡ ಮಗ, ನುಂಗು". 41 ವರ್ಷ ನಾನು ಹಾಗೆಯೇ ಉಂಡವಳು. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದಮೇಲೆ ಉಣ್ಣುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ಆಪರೇಷನ್‌ಗೆ ಎರಡು ಗಂಟೆಯೂ ಹಿಡಿಯಲಿಲ್ಲ. ಕಲಿಯುವುದಕ್ಕೆ ವರ್ಷವೇ ಬೇಕಾಯಿತು.

ಆಗ ನನ್ನ ಎತ್ತರ 160 ಸೆಂಟಿಮೀಟರ್, ತೂಕ 112 ಕೆಜಿ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಅಳೆಯುವ ಬಿಎಂಐ ಲೆಕ್ಕ ಹಾಕಿದರೆ 44ರ ಹತ್ತಿರ. ಸಕ್ಕರೆ ಕಾಯಿಲೆ ಬಂದು 9 ವರ್ಷ ಆಗಿತ್ತು. ರಾತ್ರಿ ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರೇ ನಿಂತುಬಿಡುತ್ತಿತ್ತಂತೆ, ಪಕ್ಕದಲ್ಲಿ ನನ್ನ ಯಜಮಾನರು ಎದ್ದು ಕೂತು ಮತ್ತೆ ಉಸಿರು ಬರುವವರೆಗೆ ಕಾಯುತ್ತಿದ್ದರು. ನಾನು ಸುಮ್ನೆ ಕೂತಿರಲಿಲ್ಲ. ವಾಕಿಂಗ್ ಮಾಡಿದೆ, ಅನ್ನ ಬಿಟ್ಟೆ, 8 ಕೆಜಿ ಇಳಿಸಿದೆ, ಅದು 10 ಆಗಿ ವಾಪಸ್ ಬಂತು. "ಬಾಯಿ ಕಟ್ಟಿದ್ರೆ ಆಗುತ್ತೆ" ಎಂದು ಹೇಳದವರೇ ಇಲ್ಲ. ಈ ಮಾತು ಕೇಳಿ ಕೇಳಿ ಎಷ್ಟು ಹೆಂಗಸರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಾರೋ. ತೂಕ ಇಳಿದಾಗ ದೇಹ ಅದನ್ನು ಬರಗಾಲ ಎಂದುಕೊಳ್ಳುತ್ತದೆ. ಹಸಿವು ಹೆಚ್ಚಿಸುತ್ತದೆ, ಶಕ್ತಿಯ ಖರ್ಚು ಕಮ್ಮಿ ಮಾಡುತ್ತದೆ. ಇದು ಸೋಮಾರಿತನ ಅಲ್ಲ.

ನನಗೆ ಮಾಡಿದ್ದು ಸ್ಲೀವ್ ಎನ್ನುವ ಶಸ್ತ್ರಚಿಕಿತ್ಸೆ. ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಜಾಸ್ತಿ ತಯಾರಾಗುವುದು ತೆಗೆದ ಆ ಭಾಗದಲ್ಲೇ. ಹಾಗಾಗಿ ಜಾಗವೂ ಕಮ್ಮಿ, ಹಸಿವೂ ಕಮ್ಮಿ. ಬೈಪಾಸ್ ಎಂಬ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಜಠರವನ್ನು ಚಿಕ್ಕದು ಮಾಡಿ ಸಣ್ಣ ಕರುಳಿಗೆ ಬೇರೆ ದಾರಿ ಜೋಡಿಸುತ್ತಾರೆ. ಯಾರಿಗೆ ಯಾವುದು ಎಂಬುದನ್ನು ಪರೀಕ್ಷೆಗಳನ್ನೆಲ್ಲ ನೋಡಿ ಡಾಕ್ಟರು ಹೇಳಬೇಕು.

2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ನಮ್ಮ ಅಮ್ಮ ಅದನ್ನೇ ಹಿಡಿದು ಅತ್ತರು. ಆದರೆ ಚರ್ಮದ ಕೆಳಗಿನ ಕೊಬ್ಬು ತೆಗೆಯುವುದೇ ಬೇರೆ, ಇದೇ ಬೇರೆ. ಅದು ಆಕಾರಕ್ಕೆ ಮಾಡಿಸುವುದು, ಇದು ಕಾಯಿಲೆಗೆ. ಹಾಗಂತ ಇದರಲ್ಲಿ ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಯಾರಿಗೆ ಮಾಡುತ್ತಾರೆ? 1991ರಲ್ಲಿ ಅಮೆರಿಕದಲ್ಲಿ ಬಂದ ಸೂತ್ರ ಬಹಳ ಕಾಲ ನಡೆಯಿತು. ಬಿಎಂಐ 40 ದಾಟಿರಬೇಕು, ಇಲ್ಲಾ 35 ದಾಟಿ ಜೊತೆಗೆ ಕಾಯಿಲೆ ಇರಬೇಕು. 2022ರಲ್ಲಿ ಅದನ್ನು ಸಡಿಲ ಮಾಡಿದರು. ಏಷ್ಯಾದವರಿಗೆ ಕಮ್ಮಿ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ 27.5 ದಾಟಿದರೂ ಯೋಚಿಸಬಹುದು ಎನ್ನುತ್ತದೆ ಹೊಸ ಸಲಹೆ. ನಮ್ಮ ದೇಶದ ವಿಮಾ ಪಾಲಿಸಿಗಳ ಷರತ್ತು ಮಾತ್ರ ಆ ಹಳೆಯ 40 ಮತ್ತು 35ರ ಲೆಕ್ಕದಲ್ಲೇ ಇದೆ. ಇದು ಬದಲಾಗಬೇಕು ಎಂದೇ ನನ್ನ ಅನಿಸಿಕೆ. ನಿಮ್ಮ ಪಾಲಿಸಿಯಲ್ಲಿ ಎಷ್ಟು ವರ್ಷ ಕಾಯಬೇಕು ಎಂದಿದೆ, ಅದನ್ನು ಮೊದಲೇ ಓದಿಕೊಳ್ಳಿ.

ಇನ್ನು ತಯಾರಿ. ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಹೃದಯದ ಪರೀಕ್ಷೆ, ನಿದ್ದೆಯ ಪರೀಕ್ಷೆ, ಮನೋವೈದ್ಯರ ಜೊತೆ ಮಾತುಕತೆ, ಎಲ್ಲಾ ಆಯಿತು. ಬೀಡಿ ಸಿಗರೇಟು ಇದ್ದವರು ವಾರಗಳ ಮುಂಚೆಯೇ ಬಿಡಬೇಕು. ಕೊನೆಯ ಎರಡು ವಾರ ನನಗೆ ಅನ್ನ, ಸಕ್ಕರೆ, ಎಣ್ಣೆ ಪೂರ್ತಿ ಬಂದ್. ಪ್ರೋಟೀನು, ತರಕಾರಿ, ಮಜ್ಜಿಗೆ ಅಷ್ಟೇ. "ಹೇಗೂ ಆಪರೇಷನ್ ಆಗುತ್ತಲ್ಲ, ಈಗ್ಯಾಕೆ ಈ ಪಥ್ಯ?" ಎಂದು ಕೇಳಿದ್ದಕ್ಕೆ ಡಾಕ್ಟರು ತಮ್ಮ ಎಡಗೈಯನ್ನು ಬಲಮುಷ್ಟಿಯ ಮೇಲೆ ಹೊದಿಸಿ ತೋರಿಸಿದರು. ಮುಷ್ಟಿ ಜಠರ, ಮೇಲಿರುವ ಕೈ ಯಕೃತ್ತು. ಕೊಬ್ಬು ತುಂಬಿದ ಯಕೃತ್ತು ದಪ್ಪಗಿರುತ್ತದೆ, ಎತ್ತಿ ಹಿಡಿಯುವಾಗ ಬೇಗ ಗಾಯವಾಗುತ್ತದೆ. ಎರಡು ವಾರದ ಪಥ್ಯಕ್ಕೆ ಅದು ಕುಗ್ಗುತ್ತದೆ, ಕೆಲಸ ಮಾಡಲು ಜಾಗ ಸಿಗುತ್ತದೆ. ಇದು ಗೊತ್ತಾದಮೇಲೆ ಒಂದು ದಿನವೂ ನಾನು ತಪ್ಪಲಿಲ್ಲ.

ಆಪರೇಷನ್ ಆದ ಸಂಜೆಯೇ ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಆಪರೇಷನ್ ಹೊತ್ತಿನಲ್ಲಿ ಹೊಟ್ಟೆಗೆ ತುಂಬಿದ ಗಾಳಿಯಿಂದ ಭುಜ ನೋಯುತ್ತಿತ್ತು, ನಡೆದಷ್ಟೂ ಕಮ್ಮಿಯಾಯಿತು. ಮೂರನೇ ದಿನ ಮನೆಗೆ ಬಂದೆ. ನೀರನ್ನು ಒಂದು ಸಲಕ್ಕೆ 30 ಮಿಲಿಯಷ್ಟೇ, ಗುಟುಕು ಗುಟುಕಾಗಿ ಕುಡಿಯಬೇಕು ಎಂದು ಹೇಳಿ ಕಳಿಸಿದ್ದರು. ಅಮ್ಮ ಒಳಗೆ ಹೋಗಿ ಅಟ್ಟದ ಡಬ್ಬಿಯಿಂದ ನನ್ನ ಮಗನಿಗೆ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆ ತಂದರು. ಅದರಲ್ಲೇ ಎಳನೀರು, ಅದರಲ್ಲೇ ಬೇಳೆ ಕಟ್ಟು. ಒಂದು ಒಳಲೆ ಖಾಲಿ ಮಾಡಲು ಹತ್ತು ಹದಿನೈದು ನಿಮಿಷ. ದಿನಕ್ಕೆ ಒಂದೂವರೆ ಲೀಟರ್ ಆಗಬೇಕೆಂದರೆ ಬೆಳಗಿನಿಂದ ರಾತ್ರಿಯವರೆಗೆ ಅದೇ ಕೆಲಸ.

ಮೊದಲ ಎರಡು ವಾರ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಎರಡು ತಿಂಗಳ ಹೊತ್ತಿಗೆ ಮಾಮೂಲಿ ಊಟ. ಒಂದೊಂದು ಆಸ್ಪತ್ರೆಯ ಪಟ್ಟಿ ಒಂದೊಂದು ಥರ, ನಿಮ್ಮದನ್ನೇ ಪಾಲಿಸಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಹಾಗಾಗಿ ತಟ್ಟೆಯಲ್ಲಿ ಮೊದಲು ಮೊಟ್ಟೆ, ಪನೀರು, ಕಾಳು, ಮೀನು. ಅನ್ನ ಕೊನೆಗೆ. ಊಟದ ಜೊತೆ ನೀರು ಬೇಡ, ಊಟ ಆದಮೇಲೆ ಅರ್ಧ ಗಂಟೆ ಬಿಡಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮನೆಗೆ ಬಂದಮೇಲೆ ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಸುಮ್ನೆ ಮಲಗಿದ್ದರೂ ನಾಡಿ 120 ದಾಟುವುದು, ಉಸಿರು ಕಟ್ಟುವುದು, ಒಂದೇ ಕಾಲು ಊದುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಒಳಗೆ ಜಠರದ ಹೊಲಿಗೆಯ ಕಡೆ ಸೋರಿಕೆ ಆಗಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು. ವಾಂತಿ ನಿಲ್ಲದೇ ಇದ್ದರೂ ಹೋಗಿ. ವಾಂತಿ ಮುಂದುವರಿದರೆ ಬಿ1 ಜೀವಸತ್ವ ಖಾಲಿಯಾಗಿ ನರಗಳಿಗೇ ಪೆಟ್ಟು ಬೀಳುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಬೇಗ ಕಮ್ಮಿಯಾಗುತ್ತದೆ, ನನಗೂ ಆಯಿತು. ಆದರೆ ಕಮ್ಮಿ ಮಾಡಬೇಕಾದವರು ಡಾಕ್ಟರು, ನಾವಲ್ಲ.

ಐದನೇ ತಿಂಗಳಲ್ಲಿ ನೆಂಟರ ಮನೆಯ ಗೃಹಪ್ರವೇಶ. ಬಿಸಿ ಮುದ್ದೆ, ಅವರೆಕಾಳು ಸಾರು. ಮಾತಾಡುತ್ತಾ ಹಳೇ ಅಭ್ಯಾಸದಲ್ಲಿ ಎರಡು ತುತ್ತು ನುಂಗಿಬಿಟ್ಟೆ. ಎದೆಯ ನಡುವೆ ಕಲ್ಲು ಕೂತಂತಾಯಿತು. ಬಾಯಲ್ಲಿ ನೀರು ಉಕ್ಕಿ ಬಂತು, ಬೆನ್ನಿಗೆ ನೋವು ಚುಚ್ಚಿತು. ಪಂಕ್ತಿಯಿಂದ ಎದ್ದು ಹಿತ್ತಲಿಗೆ ಓಡಿದೆ. ಎಲ್ಲಾ ವಾಂತಿಯಾಗುವವರೆಗೆ ಬಾವಿಕಟ್ಟೆ ಹಿಡಿದು ನಿಂತಿದ್ದೆ. "ಇಷ್ಟು ಕಷ್ಟಪಟ್ಟು ಯಾಕೆ ಮಾಡಿಸಿಕೊಂಡೆ" ಎಂದು ಒಬ್ಬರು ಕೇಳಿದಾಗ ಅಳು ಬಂತು. ಅವತ್ತಿನಿಂದ ತುತ್ತು ಕಡಲೆಕಾಳಿನಷ್ಟು, ಒಂದೊಂದನ್ನೂ ಇಪ್ಪತ್ತು ಮೂವತ್ತು ಸಲ ಅಗಿಯುವುದು.

ಅದೇ ಹೊತ್ತಿಗೆ ಕೂದಲು ಬಾಚಣಿಗೆ ತುಂಬಾ ಬರುತ್ತಿತ್ತು. ತೂಕ ವೇಗವಾಗಿ ಇಳಿಯುವಾಗ ಮೂರನೇ ತಿಂಗಳಿಂದ ಹೀಗೆ ಉದುರುವುದುಂಟು, ಪ್ರೋಟೀನು, ಕಬ್ಬಿಣಾಂಶ ಸರಿಯಾಗಿದ್ದರೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ನನಗೆ ಬಂತು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ, ಇವು ಜೀವನಪೂರ್ತಿ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ. ಮಗು ಬೇಕೆನ್ನುವವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಬೈಪಾಸ್ ಆದವರು ಮೆಡಿಕಲ್ ಸ್ಟೋರಿನಿಂದ ತಾವೇ ನೋವಿನ ಮಾತ್ರೆ ತಂದು ನುಂಗಬಾರದು, ಹುಣ್ಣಾಗುತ್ತದೆ.

ಮನೆಯವರಿಗೆ, ನೆಂಟರಿಗೆ ನನ್ನದೊಂದು ಬೇಡಿಕೆ. ನಮ್ಮಲ್ಲಿ ಬಡಿಸುವುದೇ ಪ್ರೀತಿ, ಅಲ್ವಾ? "ಇನ್ನೊಂದ್ ಸ್ವಲ್ಪ" ಅಂದಾಗ ಬೇಡ ಎನ್ನಲು ಸಂಕೋಚ ಆಗುತ್ತದೆ. ಇಂಥ ಆಪರೇಷನ್ ಆದವರು ಸಾಕು ಎಂದರೆ ದಯವಿಟ್ಟು ಸೌಟು ಕೆಳಗಿಡಿ. ಪಕ್ಕದಲ್ಲಿ ಕೂತು ಮಾತಾಡಿ, ಅವರು ನಿಧಾನವಾಗಿ ಉಣ್ಣಲಿ.

ಈಗ ಮೂರು ವರ್ಷ ಆಯಿತು. ನಾನು 74 ಕೆಜಿ ಇದ್ದೇನೆ. ನಮ್ಮ ಯಜಮಾನರು ರಾತ್ರಿ ಮಲಗುತ್ತಾರೆ. ಊರಿಗೆ ಹೋದಾಗ ಅಮ್ಮ ನನಗೆಂದೇ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟುತ್ತಾರೆ. ಎಲ್ಲರೂ ಉಂಡು ಕೈ ತೊಳೆದರೂ ಅವರು ನನ್ನ ಎದುರು ಕೂತೇ ಇರುತ್ತಾರೆ. ಮೊನ್ನೆ ನಾನು ಆತುರ ಮಾಡಿದ್ದು ಕಂಡು ಹೇಳಿದರು, "ಅಗಿ ಮಗ, ನುಂಗಬೇಡ".

ನಮಸ್ಕಾರ.