ಡೆಲ್ಕೋ ಬದಲಾಯಿಸಿದರೆ ಹಳೇ ಅಂಬಾಸಿಡರ್‌ಗೆ ಏನಾಗುತ್ತದೆ?

(ಶಾಟ್: ಜೋರು ಮಳೆ. ಬಾನೆಟ್ ಎತ್ತಿ ನಿಂತ ಬಿಳಿ ಅಂಬಾಸಿಡರ್. ಸೆಲ್ಫ್ ತಿರುಗುವ ಶಬ್ದ. ಎಂಜಿನ್ ಹಿಡಿಯುವುದಿಲ್ಲ.)

ನಮಸ್ಕಾರ. ಈ ಶಬ್ದ ಕೇಳಿದರೆ ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಕಳೆದ ಜುಲೈಯಲ್ಲಿ ಬದಿಯಡ್ಕದಿಂದ ಕುಂಬಳೆಗೆ ಹೋಗುವಾಗ, ಸೀತಾಂಗೋಳಿ ಹತ್ತಿರ, ನಮ್ಮ ಮನೆಯ 1977ರ ಅಂಬಾಸಿಡರ್ ಹೀಗೇ ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮ, ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ. ಮೂರು ವಾರದ ಹಿಂದಷ್ಟೇ ಒಂದು ಅಂಗಡಿಯಲ್ಲಿ ಕೊಂಡ ಹೊಸ ಕಂಡೆನ್ಸರ್ ಸತ್ತಿತ್ತು. ಅದು ಡೆಲ್ಕೋದ, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗದ, ಒಂದು ಸಣ್ಣ ತುಂಡು.

ಆ ವಿಡಿಯೋ ಹಾಕಿದ ಮೇಲೆ ಹೊಸಂಗಡಿಯ ಒಬ್ಬರು ಕೇಳಿದರು: "ಅಣ್ಣ, ಎಲೆಕ್ಟ್ರಾನಿಕ್ ಡೆಲ್ಕೋ ಹಾಕಿದರೆ ಈ ತಲೆನೋವು ಹೋಗುತ್ತದಾ? ಪಿಕಪ್ ಜಾಸ್ತಿ ಆಗುತ್ತದಾ?" ನಾನು ಹಾಕಿ ಆಯಿತು. ಇವತ್ತು ಅದರ ಕತೆ.

ಮೊದಲು ಆ ಹೆಸರು. ಡಿಸ್ಟ್ರಿಬ್ಯೂಟರ್ ಅಂದರೆ ನಮ್ಮ ಗ್ಯಾರೇಜುಗಳಲ್ಲಿ ಯಾರೂ ತಲೆ ಎತ್ತುವುದಿಲ್ಲ. ಡೆಲ್ಕೋ ಅಂದರೆ ಸಾಕು. ಈ ಶಬ್ದ ಎಲ್ಲಿಂದ ಬಂತು ಗೊತ್ತಾ? ಅದೊಂದು ಕಂಪನಿಯ ಹೆಸರು. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನಲ್ಲಿ 1909ರಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ ಶುರು ಮಾಡಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ. ಅದರ ಮೊದಲ ಅಕ್ಷರಗಳನ್ನು ಕೂಡಿಸಿದರೆ ಡೆಲ್ಕೋ. 1912ರ ಕ್ಯಾಡಿಲಾಕ್ ಕಾರಿಗೆ ಕರೆಂಟಿನ ಸೆಲ್ಫ್, ಲೈಟ್, ಇಗ್ನಿಷನ್ ಮೂರನ್ನೂ ಒಟ್ಟಿಗೆ ಕೊಟ್ಟವರು ಇವರೇ. ಕುಂಬಳೆಯ ಗ್ಯಾರೇಜಿನಲ್ಲಿ ಎಣ್ಣೆ ಕೈಯಿಂದ "ಡೆಲ್ಕೋ ಕ್ಯಾಪ್ ಕೊಡು" ಅನ್ನುವಾಗ ನೂರು ವರ್ಷ ದಾಟಿದ ಆ ಹೆಸರು ಇನ್ನೂ ಬಾಯಲ್ಲಿದೆ. ನನಗೆ ಇದು ತುಂಬ ಖುಷಿ ಕೊಡುವ ಸಂಗತಿ.

ಈಗ ಒಳಗೆ ಏನಿದೆ ನೋಡೋಣ. ಮೂಲ ವಿಷಯ ಬೇಗ ಹೇಳುತ್ತೇನೆ. ಬ್ಯಾಟರಿ 12 ವೋಲ್ಟ್. ಪ್ಲಗ್‌ನಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಅದನ್ನು ಮಾಡುವುದು ಕಾಯಿಲ್. ಯಾವ ಹೊತ್ತಿಗೆ ಮಾಡಬೇಕು ಅಂತ ಹೇಳುವುದು ಡೆಲ್ಕೋ ಒಳಗಿನ ಸಿಬಿ ಪಾಯಿಂಟ್, ಅಂದರೆ ಕೂಡಿ ಬಿಡುತ್ತಾ ಕರೆಂಟನ್ನು ಕಡಿಯುವ ಎರಡು ಲೋಹದ ತುಂಡು. ಯಾವ ಸಿಲಿಂಡರ್‌ಗೆ ಹೋಗಬೇಕು ಅಂತ ಹಂಚುವುದು ಒಳಗೆ ತಿರುಗುವ ರೋಟರ್ ಮತ್ತು ಅದರ ಮೇಲಿನ ಮುಚ್ಚಳ, ಅಂದರೆ ಕ್ಯಾಪ್.

ಕಿಡಿ ಯಾವಾಗ ಹಾರುತ್ತದೆ? ಪಾಯಿಂಟ್ ಕೂಡಿದಾಗ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಪಾಯಿಂಟ್ ಬಿಟ್ಟಾಗ! ಕರೆಂಟ್ ಹರಿಯಲು ಶುರುವಾದಾಗ ಅಲ್ಲ, ನಿಂತಾಗ.

(ಶಾಟ್: ಅಡಿಕೆ ತೋಟ. ಪಂಪ್ ಓಡುತ್ತಿದೆ. ಗೇಟ್‌ವಾಲ್ವ್ ಹತ್ತಿರದಿಂದ.)

ಅದಕ್ಕೇ ನಿಮ್ಮನ್ನು ತೋಟಕ್ಕೆ ಕರೆದುಕೊಂಡು ಬಂದೆ. ನೋಡಿ, ಪಂಪ್ ಓಡುತ್ತಿದೆ, ಪೈಪ್ ತುಂಬ ನೀರು ಓಡುತ್ತಿದೆ. ಈ ವಾಲ್ವನ್ನು ನಿಧಾನ ತಿರುಗಿಸಿ ಮುಚ್ಚಿದರೆ ಏನೂ ಆಗುವುದಿಲ್ಲ. ಅದೇ ಬಾಲ್ ವಾಲ್ವ್ ಇರುವ ಕಡೆ ಒಂದೇ ಏಟಿಗೆ ಮುಚ್ಚಿ ನೋಡಿ. ಧಡ್! ಪೈಪ್ ನೆಲದಿಂದ ಹಾರುತ್ತದೆ. ಕೆಲವೊಮ್ಮೆ ಜಾಯಿಂಟ್ ಕಿತ್ತು ಬರುತ್ತದೆ. ಸುಮ್ನೆ ಮಾಡಬೇಡಿ, ನಾನು ಒಮ್ಮೆ ಮಾಡಿ ಅಪ್ಪನಿಂದ ಸರಿಯಾಗಿ ಬೈಸಿಕೊಂಡಿದ್ದೇನೆ. ಪಂಪ್ ಕೊಡುವ ಒತ್ತಡ ಅಷ್ಟಿಲ್ಲ. ಹಾಗಾದರೆ ಆ ಏಟು ಬಂದದ್ದು ಎಲ್ಲಿಂದ? ಓಡುವ ನೀರಿನ ಉದ್ದದ ಕಂಬ ಒಮ್ಮೆಲೇ ನಿಲ್ಲಬೇಕಾಯಿತು. ಅದರ ಓಟವೆಲ್ಲ ಒತ್ತಡವಾಗಿ ಬಿತ್ತು.

ಕಾಯಿಲ್‌ನಲ್ಲಿ ಆಗುವುದೂ ಇದೇ. ಪಾಯಿಂಟ್ ಕೂಡಿರುವಾಗ ಕಾಯಿಲ್‌ನ ದಪ್ಪ ತಂತಿಯ ಸುತ್ತಿನಲ್ಲಿ ಕರೆಂಟ್ ಓಡುತ್ತದೆ, ಸುಮಾರು 4 ಆಂಪಿಯರ್. ಸುತ್ತಲೂ ಕಾಂತ ಶಕ್ತಿ ತುಂಬುತ್ತದೆ. ಪಾಯಿಂಟ್ ಟಪ್ ಅಂತ ಬಿಟ್ಟ ಕೂಡಲೇ ಆ ಶಕ್ತಿಗೆ ನಿಲ್ಲಲು ಜಾಗ ಇಲ್ಲ. 12 ವೋಲ್ಟಿನ ಆ ಸುತ್ತಿನಲ್ಲೇ ನೂರಾರು ವೋಲ್ಟ್ ಎದ್ದುಬಿಡುತ್ತದೆ. ಪಕ್ಕದ ಸಣ್ಣ ತಂತಿಯ ಸುತ್ತಿನಲ್ಲಿ ಅದರ ಸುಮಾರು ನೂರು ಪಟ್ಟು ಸುತ್ತುಗಳಿವೆ. ಅಲ್ಲಿ ಅದು 20,000 ವೋಲ್ಟ್ ದಾಟಬಲ್ಲದು. ಪ್ಲಗ್ ತುದಿಯಲ್ಲಿ ಕಿಡಿ!

ಆದರೆ ವಾಲ್ವ್ ಸೋರಿದರೆ ಏಟು ಇಲ್ಲ. ಪಾಯಿಂಟ್ ಬಿಡುವಾಗ ನಡುವೆ ಸಣ್ಣ ಕಿಡಿ ಹಾರಿ ಕರೆಂಟ್ ಅಲ್ಲೇ ಸೋರಿಹೋಗಬಹುದು. ಆ ಕ್ಷಣಕ್ಕೆ ಕರೆಂಟನ್ನು ತನ್ನೊಳಗೆ ಎಳೆದುಕೊಂಡು ಪಾಯಿಂಟ್ ಉಳಿಸುವುದೇ ಕಂಡೆನ್ಸರ್. ಅದು ಸತ್ತರೆ ಪಾಯಿಂಟ್ ಸುಡುತ್ತದೆ, ಕಿಡಿ ಸೋಲುತ್ತದೆ. ಸೀತಾಂಗೋಳಿಯಲ್ಲಿ ನಮಗೆ ಆದದ್ದು ಇಷ್ಟೇ.

ಇದು ಎಷ್ಟು ಸಲ ನಡೆಯಬೇಕು, ಲೆಕ್ಕ ಹಾಕಿ. ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿದ್ದರೆ ಡೆಲ್ಕೋ ಅದರ ಅರ್ಧ, 1500. ನಾಲ್ಕು ಸಿಲಿಂಡರ್, ಡೆಲ್ಕೋದ ಒಂದು ಸುತ್ತಿಗೆ ಪಾಯಿಂಟ್ ನಾಲ್ಕು ಸಲ ಬಿಡಬೇಕು. ನಿಮಿಷಕ್ಕೆ 6000. ಸೆಕೆಂಡಿಗೆ 100 ಸಲ! ಕಾಸರಗೋಡಿನಿಂದ ತಲಪಾಡಿ ದಾಟಿ ಮಂಗಳೂರು ಮುಟ್ಟಲು ಒಂದು ಗಂಟೆ ಅಂತ ಇಟ್ಟುಕೊಳ್ಳಿ. 3 ಲಕ್ಷ 60 ಸಾವಿರ ಸಲ. ಉಗುರಿನಷ್ಟು ದೊಡ್ಡದೂ ಇಲ್ಲದ ಎರಡು ಲೋಹದ ತುಂಡು. ಅವುಗಳ ನಡುವಿನ ಅಂತರ 0.35ರಿಂದ 0.40 ಮಿಲಿಮೀಟರ್. ಅದು ಇಷ್ಟು ವರ್ಷ ನಮ್ಮನ್ನು ಮನೆ ಮುಟ್ಟಿಸಿತಲ್ಲ, ನನಗೆ ಅದರ ಮೇಲೆ ಗೌರವ ಉಂಟು.

ಆದರೆ ಅದು ಸವೆಯುತ್ತದೆ. ಕ್ಯಾಮ್‌ಗೆ (ಪಾಯಿಂಟನ್ನು ಬಿಡಿಸುವ, ಉಬ್ಬುಗಳಿರುವ ಶಾಫ್ಟ್) ಉಜ್ಜುವ ಫೈಬರ್ ತುಂಡು ಸವೆದಂತೆ ಪಾಯಿಂಟ್ ಅಂತರ ಕಿರಿದಾಗುತ್ತದೆ. ಆಗ ಪಾಯಿಂಟ್ ತಡವಾಗಿ ಬಿಡುತ್ತದೆ. ಅಂದರೆ ಕಿಡಿ ತಡ. ಎಂಜಿನ್ 1000 ಸುತ್ತಿನಲ್ಲಿದ್ದರೂ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್, ಅಂದರೆ ಎಂಜಿನಿನ ಮುಖ್ಯ ಶಾಫ್ಟ್, 6 ಡಿಗ್ರಿ ತಿರುಗಿರುತ್ತದೆ. 4000ದಲ್ಲಿ 24 ಡಿಗ್ರಿ. ಹಾಗಾಗಿ ಸಣ್ಣ ತಡವೂ ಸಣ್ಣದಲ್ಲ.

(ಶಾಟ್: ಮೇಜಿನ ಮೇಲೆ ಹಳೆಯ ಡೆಲ್ಕೋ, ಹೊಸ ಡೆಲ್ಕೋ.)

ಹೊಸದರಲ್ಲಿ ಪಾಯಿಂಟ್ ಇಲ್ಲ. ಶಾಫ್ಟ್ ಮೇಲೆ ಅಯಸ್ಕಾಂತದ ಬಳೆ. ಪಕ್ಕದಲ್ಲಿ ಹಾಲ್ ಸೆನ್ಸರ್. ಅಯಸ್ಕಾಂತ ಎದುರಿಗೆ ಬಂದದ್ದನ್ನು ಮುಟ್ಟದೆಯೇ ಗುರುತಿಸುತ್ತದೆ. ಟ್ರಾನ್ಸಿಸ್ಟರ್ ಕರೆಂಟನ್ನು ಕಡಿಯುತ್ತದೆ. ಉಜ್ಜುವುದೇ ಇಲ್ಲ, ಹಾಗಾಗಿ ಸವೆದು ಕಿಡಿಯ ಹೊತ್ತು ಕದಲುವುದಿಲ್ಲ. ಎಡ್ವಿನ್ ಹಾಲ್ ಈ ಗುಣವನ್ನು ಕಂಡುಹಿಡಿದದ್ದು 1879ರಲ್ಲಿ. ಕಾರ್ಲ್ ಬೆಂಜ್ ತನ್ನ ಕಾರಿಗೆ ಪೇಟೆಂಟ್ ಕೇಳಿದ್ದು 1886ರಲ್ಲಿ. ನಾವು ಹೊಸ ತಂತ್ರ ಅನ್ನುತ್ತೇವೆ, ಅದರ ಬೇರು ಕಾರಿಗಿಂತ ಹಳೆಯದು.

ಹಳೇ ಡೆಲ್ಕೋ ಒಳಗೇ ಕೂರಿಸುವ ಸೆನ್ಸರ್, ಅಯಸ್ಕಾಂತದ ಬಳೆಯ ಕಿಟ್ ಮಾತ್ರ ಹಾಕುವುದಾ, ಇಡೀ ಡೆಲ್ಕೋ ಬದಲಾಯಿಸುವುದಾ? ಕ್ಯಾಪ್ ತೆಗೆದು ರೋಟರ್ ಕೂರುವ ಶಾಫ್ಟನ್ನು ಅಡ್ಡಕ್ಕೆ ಅಲುಗಿಸಿ ನೋಡಿ. ಆಡದಿದ್ದರೆ ಕಿಟ್ ಸಾಕು. ಆಡಿದರೆ ಬುಷ್ ಸವೆದಿದೆ, ಇಡೀ ಡೆಲ್ಕೋ ಬದಲಾಯಿಸಿ. ನಮ್ಮದು ಆಡುತ್ತಿತ್ತು.

ಕೆಲಸ ಹೀಗೆ. ಬ್ಯಾಟರಿ ತಂತಿ ತೆಗೆಯಿರಿ. ಪ್ಲಗ್ ವಯರ್‌ಗಳಿಗೆ ಟೇಪಿನಲ್ಲಿ ನಂಬರ್ ಅಂಟಿಸಿ. ಎಲ್ಲ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರ್ ತೂತಿಗೆ ಬೆರಳು ಒತ್ತಿ ಎಂಜಿನ್ ಕೈಯಿಂದ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿತಾ? ಅದು ಕಂಪ್ರೆಶನ್. ಅಲ್ಲಿಂದ ಪುಲ್ಲಿ ಗುರುತು ಕೂಡಿಸಿ. ರೋಟರ್ ಯಾವ ಕಡೆ ನೋಡುತ್ತಿದೆ ಅಂತ ಫೋಟೋ ತೆಗೆದುಕೊಳ್ಳಿ. ಕ್ಲ್ಯಾಂಪ್ ಸಡಿಲಿಸಿ ಹಳೆಯದನ್ನು ಮೇಲೆತ್ತಿ. ಇಲ್ಲೊಂದು ಚಂದದ ಕೆಲಸ ಮಾಡಿಟ್ಟಿದ್ದಾರೆ. 1489 ಸಿಸಿ ಬಿಎಂಸಿ ಎಂಜಿನ್‌ನಲ್ಲಿ ಡೆಲ್ಕೋ ಬುಡದ ನಾಲಿಗೆ ನಡುವೆ ಇಲ್ಲ, ಸ್ವಲ್ಪ ಬದಿಗಿದೆ. ಹಾಗಾಗಿ ಒಂದೇ ರೀತಿ ಕೂರುತ್ತದೆ, ತಿರುಗುಮುರುಗಾಗಲು ಸಾಧ್ಯವೇ ಇಲ್ಲ. ಕೂರದಿದ್ದರೆ ಬಡಿಯಬೇಡಿ, ರೋಟರ್ ಮೆಲ್ಲ ತಿರುಗಿಸಿ, ತಾನಾಗಿ ಇಳಿಯುತ್ತದೆ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ, 1-3-4-2. ಕ್ಯಾಪ್‌ನಲ್ಲಿ ವಯರ್‌ಗಳನ್ನು ರೋಟರ್ ತಿರುಗುವ ದಿಕ್ಕಿನಲ್ಲಿ ಈ ಕ್ರಮದಲ್ಲಿ ಹಾಕಬೇಕು. ಈ ಎಂಜಿನ್‌ನಲ್ಲಿ ಮೇಲಿಂದ ನೋಡಿದರೆ ರೋಟರ್ ಗಡಿಯಾರಕ್ಕೆ ವಿರುದ್ಧ ತಿರುಗುತ್ತದೆ.

ವಿಡಿಯೋ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಾಮಾನ್ಯವಾಗಿ ಹೊಸ ಡೆಲ್ಕೋದ ಕೆಂಪು ವಯರ್ ಕಾಯಿಲ್‌ನ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಆದರೂ ಡಬ್ಬಿಯೊಳಗಿನ ಚೀಟಿ ಓದಿ, ತಪ್ಪಿದರೆ ಮಾಡ್ಯೂಲ್, ಅಂದರೆ ಆ ಟ್ರಾನ್ಸಿಸ್ಟರ್ ಇರುವ ಭಾಗ, ಒಂದೇ ಕ್ಷಣಕ್ಕೆ ಸುಡುತ್ತದೆ. ಹಳೆಯ ಬ್ರಿಟಿಷ್ ಕಾರಾದರೆ ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ತ್ ಆಗಿದೆ ಮೊದಲೇ ನೋಡಿ, ಪಾಸಿಟಿವ್ ಅರ್ತ್ ಇರುವ ಕಾರುಗಳು ಉಂಟು. ಕಾಯಿಲ್‌ನ ಓಮ್ ಮೀಟರ್‌ನಲ್ಲಿ ಅಳೆಯಿರಿ. 3 ಓಮ್ ಹತ್ತಿರ ಇದ್ದರೆ ಬಹುಪಾಲು ಕಿಟ್‌ಗಳಿಗೆ ಸರಿ. 1.5 ಅಂತ ತೋರಿಸಿದರೆ ಅದು ಬೇರೆ ರೆಸಿಸ್ಟರ್ ಜೊತೆ ಓಡುವ ಕಾಯಿಲ್, ನೇರ 12 ವೋಲ್ಟ್ ಕೊಡಬೇಡಿ. ಬರೀ ತಾಮ್ರದ ಪ್ಲಗ್ ವಯರ್ ಬೇಡ, ರೆಸಿಸ್ಟನ್ಸ್ ಇರುವುದೇ ಬೇಕು. ಇಲ್ಲದಿದ್ದರೆ ಆ ಕಿಡಿಯ ಗದ್ದಲ ಸೆನ್ಸರನ್ನೇ ಗಲಿಬಿಲಿ ಮಾಡಬಹುದು. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಹಾಡು ಕೇಳುವ ಅಭ್ಯಾಸ ಬಿಡಿ, ಕೆಲವು ಮಾಡ್ಯೂಲ್ ಬಿಸಿಯಾಗಿ ಸಾಯುತ್ತವೆ.

ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಅದನ್ನು ಮಾತ್ರ ಕಿವಿಯಿಂದ ಸೆಟ್ ಮಾಡಬೇಡಿ. ಡೆಲ್ಕೋಗೆ ಬರುವ ವ್ಯಾಕ್ಯೂಮ್ ಪೈಪ್ ಕಳಚಿ ಮುಚ್ಚಿ, ಒಂದನೇ ಪ್ಲಗ್ ವಯರ್‌ಗೆ ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಾಕಿ, ನಿಮ್ಮ ಎಂಜಿನ್ ಪುಸ್ತಕದಲ್ಲಿ ಹೇಳಿದ ಡಿಗ್ರಿಗೆ ತನ್ನಿ. ಡೆಲ್ಕೋ 1 ಡಿಗ್ರಿ ತಿರುಗಿಸಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ. ಕೂದಲೆಳೆಯಷ್ಟು ತಿರುಗಿಸಿ, ಕ್ಲ್ಯಾಂಪ್ ಬಿಗಿದು ಮತ್ತೊಮ್ಮೆ ನೋಡಿ.

ಹೊಸಂಗಡಿಯವರ ಪ್ರಶ್ನೆಗೆ ಬರುತ್ತೇನೆ. ಪಿಕಪ್? ನಿಮ್ಮ ಪಾಯಿಂಟ್ ಸರಿಯಾಗಿ ಸೆಟ್ ಆಗಿದ್ದರೆ ಹೊಸ ಶಕ್ತಿ ಏನೂ ಬರುವುದಿಲ್ಲ. ಸವೆದು ತಡವಾಗಿದ್ದರೆ ಕಳೆದುಕೊಂಡದ್ದು ವಾಪಸ್ ಬರುತ್ತದೆ, ಅಷ್ಟೇ. ಮಳೆ? ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಕ್ಯಾಪ್‌ನಲ್ಲಿ ಸೀಳು ಇದ್ದು ಒಳಗೆ ತೇವ ಕೂತರೆ ಯಾವ ಎಲೆಕ್ಟ್ರಾನಿಕ್ಸೂ ಕಾಪಾಡುವುದಿಲ್ಲ. ಜೂನ್‌ಗೆ ಮೊದಲು ಕ್ಯಾಪ್ ಒಳಗೆ ಕಪ್ಪು ಗೆರೆ ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ.

ಮತ್ತೆ, ಪಾಯಿಂಟ್ ಸುಟ್ಟರೆ ದಾರಿಬದಿಯಲ್ಲೇ ಮರಳು ಕಾಗದದಲ್ಲಿ ಉಜ್ಜಿ ಮನೆಗೆ ಬರಬಹುದಿತ್ತು. ಮಾಡ್ಯೂಲ್ ಸತ್ತರೆ ಉಜ್ಜಲು ಏನೂ ಇಲ್ಲ. ಅದಕ್ಕೆ ನಾನು ಹಳೇ ಡೆಲ್ಕೋಗೆ ಹೊಸ ಪಾಯಿಂಟ್, ಒಳ್ಳೆಯ ಕಂಡೆನ್ಸರ್ ಹಾಕಿ, ಬಟ್ಟೆಯಲ್ಲಿ ಸುತ್ತಿ, ಕ್ಲ್ಯಾಂಪಿನ ಸ್ಪ್ಯಾನರ್ ಜೊತೆ ಡಿಕ್ಕಿಯಲ್ಲೇ ಇಟ್ಟಿದ್ದೇನೆ.

(ಶಾಟ್: ಕೀ ತಿರುಗುತ್ತದೆ. ಅರ್ಧ ಸುತ್ತಿಗೆ ಎಂಜಿನ್ ಹಿಡಿಯುತ್ತದೆ. ಹಿಂದಿನ ಸೀಟಿನಿಂದ ಅಮ್ಮನ ಧ್ವನಿ: "ಹೊರಡುವಾ?")