ಕಿವಿಗೆ ಮಾರೋದನ್ನ ಕಣ್ಣಿಗೆ ಮಾರೋರು

ಕೇಳುಗರಿಗೆಲ್ಲ ನಮಸ್ಕಾರ. ಈಗ ನನ್ನ ದನಿ ನಿಮ್ಗೆ ಯಾವುದ್ರಿಂದ ಕೇಳಿಸ್ತಿದೆ? ಅಡುಗೆಮನೆ ಶೆಲ್ಫ್ ಮೇಲಿರೋ ರೇಡಿಯೋನಾ, ಕಾರಿನ ಸ್ಪೀಕರಾ, ಇಲ್ಲಾ ಮೊಬೈಲ್‌ಗೆ ಸಿಗಿಸಿರೋ ಇಯರ್‌ಫೋನಾ? ಯಾವ್ದೇ ಇರ್ಲಿ, ಅದನ್ನ ದುಡ್ಡು ಕೊಟ್ಟು ಮನೆಗೆ ತರೋಕೆ ಮುಂಚೆ ಸೌಂಡ್ ಹೇಗಿದೆ ಅಂತ ಕೇಳಿ ನೋಡಿದ್ರಾ? ನಮ್ಮಲ್ಲಿ ತುಂಬಾ ಜನ ಕೇಳಿರಲ್ಲ. ಫೋಟೋ ನೋಡಿರ್ತೀವಿ, ರೇಟು ನೋಡಿರ್ತೀವಿ, ಯಾವ ಕ್ರಿಕೆಟರ್ ಹಾಕ್ಕೊಂಡಿದ್ದಾನೆ ಅಂತ ನೋಡಿರ್ತೀವಿ, ಬಟನ್ ಒತ್ತಿ ಆರ್ಡರ್ ಮಾಡಿರ್ತೀವಿ.

ಸೀರೆ ಆದ್ರೆ ಮುಟ್ಟಿ ನೋಡ್ತೀವಿ, ಮಾವಿನಹಣ್ಣು ಮೂಸಿ ನೋಡ್ತೀವಿ, ಕಡಲೆಕಾಯಿ ಕೂಡ ಒಂದು ಬಿಡಿಸಿ ಬಾಯಿಗೆ ಹಾಕ್ಕೊಂಡ ಮೇಲೇನೇ ಸೇರು ಅಳೆಸ್ಕೊಳ್ಳೋದು. ಸೌಂಡ್ ಹಾಗಲ್ಲ. ಪೇಪರ್ ಮೇಲೆ ಅಚ್ಚು ಹಾಕೋಕಾಗಲ್ಲ, ಪೋಸ್ಟರ್‌ನಲ್ಲಿ ಬರೆಯೋಕಾಗಲ್ಲ, ಟಿವಿ ಜಾಹೀರಾತಲ್ಲಿ ನಮ್ಮ ಹೊಸ ಸ್ಪೀಕರ್ ಕೇಳಿ ನೋಡಿ ಅಂದ್ರೂ ನಿಮ್ಗೆ ಕೇಳ್ಸೋದು ನಿಮ್ಮನೆ ಟಿವಿಯ ಸೌಂಡೇ ಹೊರತು ಅವ್ರ ಸ್ಪೀಕರಿನದ್ದಲ್ಲ. ಅದಕ್ಕೇ ಈ ಆಡಿಯೋ ಕಂಪನಿಗಳು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒಂದೇ ದಾರಿ ಹಿಡ್ಕೊಂಡು ಬಂದಿದಾವೆ, ಕಿವಿಗೆ ಮಾರಬೇಕಾದ್ದನ್ನ ಕಣ್ಣಿಗೂ ಮನಸ್ಸಿಗೂ ಮಾರೋದು. ಅದನ್ನ ಅವ್ರು ಎಷ್ಟು ಚೆನ್ನಾಗಿ ಮಾಡಿದಾರೆ ಅಂತ ಇವತ್ತು ನಿಮ್ಮ ಜೊತೆ ಮಾತಾಡ್ಬೇಕು ಅನ್ನಿಸ್ತು.

ಎಚ್‌ಎಂವಿ, ಅಂದ್ರೆ ಹಿಸ್ ಮಾಸ್ಟರ್ಸ್ ವಾಯ್ಸ್, ಯಜಮಾನನ ದನಿ ಅನ್ನೋ ಹೆಸರಿನ ಹಾಡಿನ ಪ್ಲೇಟು, ಅದರ ಮೇಲಿನ ನಾಯಿ ನೆನಪಿದೆಯಲ್ಲ, ಗ್ರಾಮಫೋನಿನ ದೊಡ್ಡ ಕೊಳವೆ ಮುಂದೆ ತಲೆ ಓರೆ ಮಾಡ್ಕೊಂಡು ಕೂತಿರೋ ಬಿಳೀ ನಾಯಿ. ಅದು ನಿಜವಾಗ್ಲೂ ಇದ್ದ ನಾಯಿ. ಹೆಸ್ರು ನಿಪ್ಪರ್, ಇಂಗ್ಲೆಂಡಿನದ್ದು, 1895ರಲ್ಲಿ ಸತ್ತುಹೋಯ್ತು. ಅದರ ಯಜಮಾನನ ಸೋದರ ಫ್ರಾನ್ಸಿಸ್ ಬರಾಡ್ ಅನ್ನೋ ಚಿತ್ರಕಾರ, ನಾಯಿ ಹೋದ್ಮೇಲೆ ಆ ಚಿತ್ರ ಬರೆದ. ಮೊದ್ಲು ಬರೆದಾಗ ನಾಯಿ ಮುಂದೆ ಇದ್ದದ್ದು ಗ್ರಾಮಫೋನ್ ಅಲ್ಲ, ಸಿಲಿಂಡರ್ ತಿರುಗೋ ಫೋನೋಗ್ರಾಫ್, ಅಂದ್ರೆ ಎದುರಾಳಿ ಕಂಪನಿಯವ್ರ ಥರದ ಮೆಷಿನ್ನು. 1899ರಲ್ಲಿ ಗ್ರಾಮಫೋನ್ ಕಂಪನಿಯವ್ರು ಆ ಮೆಷಿನ್ ಅಳಿಸಿ ನಮ್ದನ್ನ ಬರ್ಕೊಡು, ಚಿತ್ರ ತಗೋತೀವಿ ಅಂದ್ರು, ಅವ್ನು ಹಳೇದ್ರ ಮೇಲೇನೇ ಬಣ್ಣ ಬಳಿದು ಗ್ರಾಮಫೋನ್ ಕೂರಿಸ್ಕೊಟ್ಟ. ಚಿತ್ರಕ್ಕೆ ಐವತ್ತು ಪೌಂಡು, ಅದರ ಹಕ್ಕುಗಳಿಗೆ ಇನ್ನೊಂದು ಐವತ್ತು.

ಇದ್ರಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ಹಳೇ ಸಿಲಿಂಡರ್ ಮೆಷಿನ್‌ನಲ್ಲಿ ಮನೇಲೇ ದನಿ ರೆಕಾರ್ಡ್ ಮಾಡ್ಬೋದಿತ್ತು, ಹಾಗಾಗಿ ನಾಯಿ ತನ್ನ ಯಜಮಾನನ ದನಿ ಕೇಳ್ತಿದೆ ಅಂದ್ರೆ ಅರ್ಥ ಇತ್ತು. ಗ್ರಾಮಫೋನ್ ಬರೀ ಪ್ಲೇಟ್ ಹಾಕಿ ಕೇಳೋ ಯಂತ್ರ, ಮನೆಯವ್ರ ದನಿ ಅದ್ರಲ್ಲಿ ಬರೋ ಹಾಗೇ ಇಲ್ಲ. ಆದ್ರೂ ಯಾರೂ ಅದನ್ನ ಕೇಳ್ಲಿಲ್ಲ. ಸೌಂಡ್ ಎಷ್ಟು ಸ್ಪಷ್ಟ ಅಂತ ಹೇಳೋಕೆ ಒಂದು ಅಂಕಿ ಇಲ್ಲ, ಒಂದು ಮಾತಿಲ್ಲ, ನಾಯಿಯೇ ನಂಬಿದೆ ಅನ್ನೋ ಆ ಮುಖ ಸಾಕಾಯ್ತು. ನಮ್ಮ ಅಜ್ಜಿ ಕಾಲದೋರು ಅಂಗಡೀಲಿ ನಾಯಿ ಮಾರ್ಕಿನ ಪ್ಲೇಟು ಕೊಡಿ ಅಂತಲೇ ಕೇಳ್ತಿದ್ರು, ಕಂಪನಿ ಹೆಸರು ಓದೋಕೆ ಬರದಿದ್ರೂ ನಾಯಿ ಗುರುತು ಸಿಗ್ತಿತ್ತು.

ಅದೇ ಕಂಪನಿ 1902ರಲ್ಲಿ ಕಲ್ಕತ್ತಾಗೆ ಬಂದು ಗೌಹರ್ ಜಾನ್ ಅನ್ನೋ ಗಾಯಕಿಯ ಹಾಡು ರೆಕಾರ್ಡ್ ಮಾಡ್ಕೊಳ್ತು. ಹಾಡಿನ ಕೊನೇಲಿ ಆಕೆ ಇಂಗ್ಲಿಷಲ್ಲಿ ಜೋರಾಗಿ ನನ್ನ ಹೆಸ್ರು ಗೌಹರ್ ಜಾನ್ ಅಂತ ಹೇಳ್ತಾರೆ. ಆ ಪ್ಲೇಟುಗಳು ಅಚ್ಚಾಗ್ತಿದ್ದದ್ದು ಜರ್ಮನಿಯ ಹಾನೋವರ್‌ನಲ್ಲಿ, ಅಲ್ಲಿನ ಕೆಲಸದೋರಿಗೆ ಯಾವ ಪ್ಲೇಟು ಯಾರ್ದು ಅಂತ ಗೊತ್ತಾಗ್ಲಿ ಅಂತ ಹಾಗೆ ಹೇಳಿಸ್ತಿದ್ರು. ಅಂದ್ರೆ ಅದು ಲೇಬಲ್ ಅಂಟಿಸೋರಿಗೆ ಕೊಟ್ಟ ಗುರುತು ಅಷ್ಟೇ, ಆದ್ರೆ ಕೇಳೋರಿಗೆ ಅದೇ ಮೋಡಿ ಆಗಿಬಿಡ್ತು, ಹಾಡು ಮುಗಿದ ತಕ್ಷಣ ಹಾಡಿದ ಹೆಂಗಸು ತಾನೇ ಬಂದು ಹೆಸರು ಹೇಳಿ ಹೋದ ಹಾಗೆ. ಆಕೆ ಚಿತ್ರ ಬೆಂಕಿಪೊಟ್ಟಣದ ಮೇಲೆ ಬಂತು, ಪೋಸ್ಟ್‌ಕಾರ್ಡ್ ಮೇಲೆ ಬಂತು. ದನಿಗೆ ಮುಖ ಸಿಕ್ತು. ಮೈಸೂರಿನ ಕೇಳುಗರು ಇದನ್ನ ಕೇಳ್ತಿದ್ರೆ ಒಂದ್ಮಾತು, ಅಷ್ಟು ದೊಡ್ಡ ಹೆಸರಿನ ಆ ಕಲಾವಿದೆ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ್ರು, 1928ರಲ್ಲಿ, ಎರಡು ವರ್ಷ ಕೂಡ ತುಂಬಲಿಲ್ಲ, 1930ರ ಜನವರೀಲಿ ನಿಮ್ಮೂರಲ್ಲೇ ತೀರ್ಕೊಂಡ್ರು. ಎಷ್ಟೋ ಕಂಪನಿಗಳಿಗೆ ದುಡ್ಡು ತಂದುಕೊಟ್ಟ ದನಿ, ಮೈಸೂರಲ್ಲಿ ಹೀಗೆ ಸದ್ದಿಲ್ದೆ ನಿಂತುಹೋಯ್ತು ಅನ್ನೋದು ನಂಗೆ ಈಗ್ಲೂ ಸಂಕಟ ಆಗೋ ವಿಷ್ಯ.

ಇನ್ನು ಜಪಾನಿಗೆ ಹೋಗೋಣ. 1979ರ ಜುಲೈ 1ನೇ ತಾರೀಕು ಸೋನಿ ವಾಕ್‌ಮನ್ ಮಾರ್ಕೆಟ್‌ಗೆ ಬಂತು, ಬೆಲೆ 33,000 ಯೆನ್. ರೆಕಾರ್ಡ್ ಮಾಡೋಕಾಗದ ಟೇಪ್ ರೆಕಾರ್ಡರ್ ಯಾರು ತಗೋತಾರೆ ಅಂತ ಕಂಪನಿ ಒಳಗಿನೋರಿಗೇ ಅನುಮಾನ. ಪತ್ರಕರ್ತರನ್ನ ಹೋಟೆಲ್ ಹಾಲ್‌ನಲ್ಲಿ ಕೂರ್ಸಿ ಭಾಷಣ ಮಾಡ್ಲಿಲ್ಲ ಅವ್ರು. ಬಸ್ಸಲ್ಲಿ ಟೋಕಿಯೋದ ಯೊಯೊಗಿ ಪಾರ್ಕಿಗೆ ಕರ್ಕೊಂಡೋಗಿ, ಒಬ್ಬೊಬ್ರ ಕೈಗೂ ಒಂದೊಂದು ವಾಕ್‌ಮನ್ ಕೊಟ್ರು, ವಿವರಣೆ ಎಲ್ಲಾ ಕ್ಯಾಸೆಟ್ ಒಳಗೇ ಇತ್ತು, ಅವ್ರು ಅದನ್ನ ಕೇಳ್ತಾ ಇರ್ಬೇಕಾದ್ರೆ ಎದುರಿಗೆ ಹುಡುಗ್ರು ಹುಡ್ಗೀರು ಸೈಕಲ್ ಮೇಲೆ, ಚಕ್ರದ ಶೂ ಹಾಕ್ಕೊಂಡು ಅದೇ ವಾಕ್‌ಮನ್ ಕೇಳ್ತಾ ಓಡಾಡ್ತಿದ್ರು. ಮೊದಲ್ನೇ ತಿಂಗಳು ಬರೀ 3,000 ಹೋಯ್ತು. ಆಮೇಲೆ ಕಂಪನಿ ಹುಡುಗ್ರೇ ಭಾನುವಾರ ಲೋಕಲ್ ಟ್ರೇನಲ್ಲಿ, ಗಿಂಝಾ ಬೀದೀಲಿ ಅದನ್ನ ಹಾಕ್ಕೊಂಡು ಸುತ್ತಿದ್ರು, ಯಾರಾದ್ರೂ ಕುತೂಹಲದಿಂದ ನೋಡಿದ್ರೆ ತಗೊಳ್ಳಿ ಕೇಳಿ ಅಂತ ಹೆಡ್‌ಫೋನ್ ಅವ್ರ ಕಿವಿಗೆ ಇಟ್ರು. ಆಗಸ್ಟ್ ಮುಗಿಯೋದ್ರೊಳಗೆ ತಯಾರು ಮಾಡಿದ್ದ 30,000 ಪೂರ್ತಿ ಖಾಲಿ.

ನನ್ನ ಮಟ್ಟಿಗೆ ಆಡಿಯೋ ಮಾರಾಟದಲ್ಲಿ ಇಷ್ಟು ಮರ್ಯಾದಸ್ಥ ಕೆಲ್ಸ ಇನ್ನೊಂದಿಲ್ಲ. ಯಾಕಂದ್ರೆ ಅವ್ರು ನಿಜವಾಗ್ಲೂ ಕಿವಿಗೆ ಇಟ್ರು. ಕಡಲೆಕಾಯಿಯೋನು ಒಂದು ಬಿಡಿಸಿ ಕೊಟ್ಟ ಹಾಗೆ.

ಆಮೇಲೆ ಬಂದೋರು ಮತ್ತೆ ಕಣ್ಣಿನ ದಾರೀನೇ ಹಿಡಿದ್ರು. 2001ರಲ್ಲಿ ಆಪಲ್ ಐಪಾಡ್ ತಂದಾಗ ಸಾವಿರ ಹಾಡು ನಿಮ್ಮ ಜೇಬಲ್ಲಿ ಅಂದ್ರು, ಎಷ್ಟು ಗಿಗಾಬೈಟು ಅನ್ನೋದನ್ನ ಮುಂದಿಡ್ಲಿಲ್ಲ, ಕೆಲವೇ ವರ್ಷದಲ್ಲಿ ಬಿಳೀ ವೈರ್ ಕಂಡ್ರೆ ಸಾಕು ಯಾವ್ದು ಅಂತ ಗೊತ್ತಾಗೋ ಹಾಗೆ ಮಾಡಿಬಿಟ್ರು. ಬೀಟ್ಸ್‌ನೋರು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಟಗಾರರಿಗೆ ಅವರವರ ದೇಶದ ಬಾವುಟದ ಬಣ್ಣದ ಹೆಡ್‌ಫೋನ್ ಕೊಟ್ರು. ಅವ್ರು ಅಲ್ಲಿ ಸ್ಪಾನ್ಸರೇ ಅಲ್ಲ. ಆದ್ರೆ ಈಜುಗಾರರು ಕೊಳದ ಹತ್ರ ಬರೋವಾಗ ಕಿವಿ ಮೇಲೆ ಅದೇ, ಜಗತ್ತಿನ ಕ್ಯಾಮೆರಾ ಎಲ್ಲಾ ಅದ್ರ ಮೇಲೆ. ಎರಡು ವರ್ಷಕ್ಕೆ ಆಪಲ್ ಆ ಕಂಪನೀನ 300 ಕೋಟಿ ಡಾಲರ್ ಕೊಟ್ಟು ಕೊಂಡ್ಕೊಳ್ತು.

ನಮ್ಮೂರಿಗೆ ವಾಪಸ್ ಬಂದ್ರೆ ನಂಗೆ ಮೊದ್ಲು ನೆನಪಾಗೋದು ವಾಟ್ಸ್. ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಮೈಮೇಲೆ ಮಿನುಗೋ ಸ್ಟಿಕ್ಕರ್ ಇರ್ತಿತ್ತಲ್ಲ, 1000 ವಾಟ್ಸ್ ಪಿಎಂಪಿಒ, 2000 ವಾಟ್ಸ್ ಪಿಎಂಪಿಒ ಅಂತ. ನಮ್ಮನೆ ಮಿಕ್ಸಿ 500 ವಾಟ್ಸು, ಅದು ತಿರುಗಿದ್ರೆ ಪಕ್ಕದ ಮನೆಗೆ ಕೇಳ್ಸುತ್ತೆ, ನಾಲ್ಕು ಶೆಲ್ಲಲ್ಲೂ ಓಡೋ ಪೆಟ್ಟಿಗೆಗೆ ಸಾವಿರ ವಾಟ್ಸ್ ಎಲ್ಲಿಂದ ಬರ್ಬೇಕು? ಪಿಎಂಪಿಒ ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅಳತೇನೇ ಇರ್ಲಿಲ್ಲ, ಒಂದು ಕ್ಷಣಕ್ಕೆ ಸಿಗ್ಬೋದಾದ ತುತ್ತತುದಿ ಲೆಕ್ಕ ಅದು, ಒಬ್ಬೊಬ್ರು ಒಂದೊಂದು ಥರ ಹಾಕ್ತಿದ್ರು. ನಿಜವಾಗಿ ಸತತ ಕೊಡೋ ಶಕ್ತಿ ಆರ್‌ಎಂಎಸ್ ಲೆಕ್ಕದಲ್ಲಿ ನಾಲ್ಕೋ ಹತ್ತೋ ವಾಟ್ಸ್ ಇರ್ತಿತ್ತು. ಇವತ್ತೂ ಸ್ಪೀಕರ್ ತಗೊಳ್ಳೋವಾಗ ಡಬ್ಬ ತಿರುಗ್ಸಿ ಆರ್‌ಎಂಎಸ್ ಎಷ್ಟು ಅಂತ ಹುಡುಕಿ, ಅದು ಸಿಗದಿದ್ರೆ ಅಂಗಡಿಯೋರನ್ನ ಬಿಡ್ದೆ ಕೇಳಿ.

ಈಗಿನ ಹುಡುಗ್ರಿಗೆ ಬೋಟ್ ಅಂದ್ರೆ ದೋಣಿ ಅಲ್ಲ, ಕಿವೀಲಿ ಇರೋದು. ಅಮನ್ ಗುಪ್ತಾ, ಸಮೀರ್ ಮೆಹ್ತಾ ಶುರು ಮಾಡಿದ ಈ ಬ್ರ್ಯಾಂಡು ಮೊದ್ಲು ಹೆಸರು ಮಾಡಿದ್ದು ಐಫೋನ್ ಚಾರ್ಜಿಂಗ್ ಕೇಬಲ್‌ನಿಂದ. ಒರಿಜಿನಲ್ ಕೇಬಲ್ ಪಿನ್ ಹತ್ರ ಕಿತ್ತುಹೋಗ್ತಿತ್ತು, ನಮ್ಮೋರು ಟೇಪ್ ಸುತ್ಕೊಂಡು ಬಳಸ್ತಿದ್ರು, ಇವ್ರು ಗಟ್ಟಿ ಹೆಣಿಗೆ ಕೇಬಲ್ ಕೊಟ್ರು. ಅದು ಜನ್ರ ತೊಂದ್ರೆ ನೋಡಿ ಮಾಡಿದ ಕೆಲ್ಸ, ಮೆಚ್ಚಲೇಬೇಕು. ಆಮೇಲೆ ಇಯರ್‌ಫೋನ್‌ಗೆ ಬಂದಾಗ ಹೆಸರಲ್ಲೇ ಬಾಸ್, ಅಂದ್ರೆ ದಪ್ಪ ತಗ್ಗುದನಿ, ಇಟ್ರು, ಬಾಸ್‌ಹೆಡ್ಸ್ ಅಂತ, ನಮ್ಮ ದೇಶದ ಕಿವಿಗೆ ಧಿಂ ಧಿಂ ಇಷ್ಟ ಅಂತ ಗೊತ್ತಿತ್ತು. ಕೊಂಡೋರಿಗೂ ಒಂದು ಹೆಸರಿಟ್ರು, ಬೋಟ್‌ಹೆಡ್ಸ್. ಗಿರಾಕಿ ಅನ್ನೋ ಬದ್ಲು ನಮ್ಮ ಗುಂಪಿನೋನು ಅನ್ನೋ ಭಾವನೆ. ಐಪಿಎಲ್, ಸಿನಿಮಾ ನಟರು, ನಮ್ಮ ಮಂಗಳೂರು ಕಡೆ ಬೆಳೆದ ಕೆ.ಎಲ್. ರಾಹುಲ್ ಕೂಡ ಅವ್ರ ಜಾಹೀರಾತಲ್ಲಿ ಬಂದ್ರು.

ನಂಗೆ ಒಪ್ಪಿಗೆ ಇಲ್ಲದ್ದು ಈ ಇಡೀ ಆನ್‌ಲೈನ್ ಮಾರ್ಕೆಟ್‌ನ ಗೀಟು ಹೊಡೆದ ರೇಟು. ಯಾವ ಬ್ರ್ಯಾಂಡ್ ಇಯರ್‌ಬಡ್ಸ್ ನೋಡಿ, ನಾಲ್ಕು ಸಾವಿರದ ಚಿಲ್ಲರೆ ಅಂತ ಬರೆದು ಅದ್ರ ಮೇಲೆ ಗೆರೆ, ಕೆಳಗೆ ಸಾವಿರದ ಇನ್ನೂರು, ಪಕ್ಕದಲ್ಲಿ 70 ಪರ್ಸೆಂಟ್ ಆಫ್ ಅಂತ ಕೆಂಪಕ್ಷರ. ವರ್ಷಪೂರ್ತಿ ಆ ನಾಲ್ಕು ಸಾವಿರಕ್ಕೆ ಅದನ್ನ ಕೊಂಡೋರು ಯಾರಾದ್ರೂ ನಿಮ್ಗೆ ಗೊತ್ತಾ? ಆ ದೊಡ್ಡ ಅಂಕಿ ಇರೋದು ಸಣ್ಣ ಅಂಕಿ ಸಣ್ಣದಾಗಿ ಕಾಣ್ಲಿ ಅಂತ. ಸಾವಿರದ ಇನ್ನೂರಕ್ಕೆ ಅದು ಒಳ್ಳೇ ಮಾಲೇ ಇರ್ಬೋದು, ಆದ್ರೆ ಉಳಿಸಿದ ಮೂರು ಸಾವಿರ ಯಾವತ್ತೂ ನಿಮ್ಮ ಜೇಬಲ್ಲಿ ಇರ್ಲೇ ಇಲ್ಲ.

ಇನ್ನು ನಮ್ಮ ಕಿವಿಯ ಮಾತು. ಕಿವಿನೂ ಕಣ್ಣಿನ ಮಾತು ಕೇಳುತ್ತೆ. ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಅನ್ನೋ ಇಬ್ರು ತಜ್ಞರು ಹರ್ಮನ್ ಕಂಪನೀಲಿ ಒಂದು ಪರೀಕ್ಷೆ ಮಾಡಿ 1994ರಲ್ಲಿ ಪ್ರಕಟಿಸಿದ್ರು. ಅದೇ ಸ್ಪೀಕರ್‌ಗಳನ್ನ ಒಂದ್ಸಲ ಕಾಣಿಸೋ ಹಾಗಿಟ್ಟು ಕೇಳ್ಸಿದ್ರು, ಇನ್ನೊಂದ್ಸಲ ಪರದೆ ಹಿಂದಿಟ್ಟು ಕೇಳ್ಸಿದ್ರು. ಜನ ಕೊಟ್ಟ ಮಾರ್ಕ್ಸೇ ಬದಲಾಗೋಯ್ತು, ಕಣ್ಣಿಗೆ ಕಂಡಾಗ ದೊಡ್ಡದು, ಚೆಂದದ್ದು, ಹೆಸರಿದ್ದದ್ದು ಮೇಲೆ ಬಂತು. ಸ್ಪೀಕರ್ ಬಗ್ಗೆ ಚೆನ್ನಾಗಿ ತಿಳಿದೋರೂ ಇದಕ್ಕೆ ಹೊರತಾಗಿರ್ಲಿಲ್ಲ.

ಇನ್ನೊಂದು ವಿಷ್ಯ, ಅಂಗಡೀಲಿ ನಡೆಯೋದು. ಸೌಂಡ್ ಸಣ್ಣಗಿದ್ದಾಗ ನಮ್ಮ ಕಿವಿಗೆ ಮೃದಂಗದ ಎಡದ ಘುಂಕಾರ, ತಾಳದ ಕಿಣಿಕಿಣಿ ಎರಡೂ ಕಮ್ಮಿ ಕೇಳ್ಸುತ್ತೆ, ಜೋರು ಮಾಡಿದ್ರೆ ಎರಡೂ ತುಂಬ್ಕೊಂಡು ಬರುತ್ತೆ. ಇದನ್ನ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಅನ್ನೋರು 1933ರಲ್ಲೇ ಅಳೆದು ತೋರಿಸಿದ್ರು. ಅಂದ್ರೆ ಒಂದೇ ಥರದ ಎರಡು ಪೆಟ್ಟಿಗೆ ಇಟ್ಟು ಒಂದನ್ನ ಒಂಚೂರು ಜೋರು ಮಾಡಿದ್ರೆ ಸಾಕು, ನಮ್ಗೆ ಅದೇ ಒಳ್ಳೇದು ಅನ್ನಿಸುತ್ತೆ. ನಾನು ಮೊದಲ್ನೇ ಸಂಬಳದಲ್ಲಿ ಹೋಮ್ ಥಿಯೇಟರ್ ತಗೊಂಡಿದ್ದು ಹಾಗೇ. ಅಂಗಡೀಲಿ ಎದೆ ನಡುಗೋ ಹಾಗಿತ್ತು, ಮನೇಲಿ ರಾತ್ರಿ ಎಲ್ಲರೂ ಮಲ್ಗಿದ್ಮೇಲೆ ಸಣ್ಣಗೆ ಹಾಕಿದ್ರೆ ತಗಡು ಡಬ್ಬದಲ್ಲಿ ಮಾತಾಡಿದ ಹಾಗೆ. ವಾಪಸ್ ತಗೊಂಡೋದ್ರೆ ಅಂಗಡಿಯೋರು ಅದನ್ನ ಮತ್ತೆ ಜೋರಾಗಿ ಹಾಕಿ ಸರಿಯಾಗೇ ಇದೆಯಲ್ಲ ಸಾರ್ ಅಂದ್ರು.

ಹೋದ ವರ್ಷ ಅಮ್ಮಂಗೆ ಒಂದು ಹಾಡಿನ ಪೆಟ್ಟಿಗೆ ಬೇಕು ಅನ್ನಿಸ್ತು. 2017ರಲ್ಲಿ ಸರೆಗಮ ಕಂಪನಿ ಕಾರವಾನ್ ಅಂತ ತಂದಿತ್ತಲ್ಲ, ಹಳೇ ರೇಡಿಯೋ ಥರ ಕಾಣೋದು, ಒಳಗೆ 5,000 ಹಾಡು ತುಂಬಿರೋದು, ಸ್ಕ್ರೀನ್ ಒತ್ತಿ ಹುಡುಕೋ ಗೋಳಿಲ್ಲ, ಗುಂಡಿ ತಿರುಗ್ಸಿದ್ರೆ ಆಯ್ತು. ಸರೆಗಮ ಅಂದ್ರೆ ಅದೇ ಹಳೇ ಎಚ್‌ಎಂವಿ, ನಾಯಿ ಮಾರ್ಕಿನೋರು. ಅವ್ರ ಹತ್ರ ನೂರು ವರ್ಷದ ಹಾಡಿನ ಕಣಜ ಇತ್ತು, ಮೊಬೈಲ್ ಜೊತೆ ಒದ್ದಾಡೋ ಹಿರಿಯರು ಮನೆಮನೇಲಿದ್ರು, ಎರಡನ್ನೂ ಸೇರ್ಸಿ, ಜಾಹೀರಾತನ್ನ ಮಾತ್ರ ಮಕ್ಕಳಿಗೆ ಮಾಡಿದ್ರು, ಅಪ್ಪ ಅಮ್ಮಂಗೆ ಕೊಡಿ ಅಂತ. ಕೇಳೋರು ಒಬ್ರು, ಕೊಳ್ಳೋರು ಇನ್ನೊಬ್ರು ಅನ್ನೋದನ್ನ ಅಷ್ಟು ಚೆನ್ನಾಗಿ ಹಿಡಿದಿದ್ರು.

ಆ ಥರದ್ದು ಈಗ ಬೇರೆ ಬೇರೆಯೋರೂ ಮಾಡ್ತಾರೆ, ನೋಡೋಣ ಅಂತ ಅಮ್ಮನ್ನ ಅಂಗಡಿಗೆ ಕರ್ಕೊಂಡೋದೆ. ಹುಡುಗ ದೊಡ್ಡ ಮಿನುಗೋ ಲೈಟಿನ ಪೆಟ್ಟಿಗೆ ತೆಗೆದು ಜೋರಾಗಿ ಹಾಕ್ದ. ಅಮ್ಮ ಕೈ ಸನ್ನೆ ಮಾಡಿ, ಸಣ್ಣಗೆ ಮಾಡಪ್ಪ, ಇನ್ನೂ ಸಣ್ಣಗೆ, ಅಂದ್ರು. ಆಮೇಲೆ ಅದನ್ನ ಬಿಟ್ಟು ಹಿಂದಿನ ಶೆಲ್ಫಲ್ಲಿದ್ದ ಸಾದಾ ಮರದ ಬಣ್ಣದ್ದನ್ನ ಕೇಳಿದ್ರು, ಅದನ್ನೂ ಅಷ್ಟೇ ಸಣ್ಣಗೆ ಹಾಕಿಸಿದ್ರು, ಕಣ್ಣು ಮುಚ್ಕೊಂಡು ನಿಂತ್ರು. ಹುಡುಗ ಏನಮ್ಮಾ ನೋಡ್ತಿದೀರ ಅಂದ.

"ಹಾಡ್ತಿರೋರ ಹಿಂದೆ ತಂಬೂರಿ ಇದೆ, ಕೇಳಿಸ್ತಿದೆ. ಆ ಲೈಟಿನದ್ರಲ್ಲಿ ಕೇಳಿಸ್ಲಿಲ್ಲ. ಇದನ್ನೇ ಕಟ್ಕೊಡು."